ಯಾವ ಕಾರ್ಟೂನ್ ಚಾನೆಲ್ ಒಳ್ಳೆಯದು, ಯಾವುದು ಪೋಕರಿ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಸ್ಕೂಲಿಂದ ಬಂದವನೇ ಟಿವಿ ಮುಂದೆ ಕೂರುತ್ತಾನೆ. ಮೊನ್ನೆ ಅವರಜ್ಜಿಗೆ "ಮೊದ್ಲು ನಿನ್ ಹೊಟ್ಟೆ ನೋಡ್ಕೋ" ಅಂದುಬಿಟ್ಟ. ಎಲ್ಲಾ ಕಾರ್ಟೂನ್ ನೋಡಿ ಕಲಿತದ್ದು, ಆ ಚಾನೆಲ್‌ಗಳನ್ನೇ ತೆಗೆಸಿಬಿಡೋಣ ಅಂತ ಮನೆಯವರು ಹಟ ಹಿಡಿದಿದ್ದಾರೆ. ಯಾವ ಚಾನೆಲ್ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಸಾಲಾಗಿ ಹೇಳ್ತೀರಾ?
— ಒಬ್ಬ ತಾಯಿ, ಮಂಡ್ಯ

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಊರು ಬೇರೆ, ಅಜ್ಜಿ ಬೇರೆ, ಮಾತು ಹೆಚ್ಚುಕಮ್ಮಿ ಅದೇ. ನಾನೂ ಮೈಸೂರಿನವನು, ಅಕ್ಕನನ್ನು ಕೊಟ್ಟಿರುವುದು ಮಂಡ್ಯಕ್ಕೆ. ಹಾಗಾಗಿ ಒಂದು ಮಾತು ಸಲುಗೆಯಿಂದ ಹೇಳುತ್ತೇನೆ. ಮೊಮ್ಮಗನನ್ನು ಮುದ್ದು ಮಾಡುವಾಗಲೂ "ನಿನ್ ಮನೆ ಹಾಳಾಗ" ಅನ್ನುವ ಸೀಮೆ ನಮ್ಮದು. ಎಲ್ಲ ಮಾತೂ ಟಿವಿಯಿಂದಲೇ ಬಂತು ಅಂತ ಹೇಳೋಕಾಗಲ್ಲ, ಅಲ್ವಾ?

ಸಾಲು ಕೇಳಿದ್ದೀರಿ, ಅದನ್ನೇ ಮೊದಲು ಕೊಡುತ್ತೇನೆ. ಇದು ನಾನು ಕೂತು ನೋಡಿ ಮಾಡಿಕೊಂಡ ಲೆಕ್ಕ. ತೀರಾ ಮೆತ್ತಗಿನವು ನಿಕ್ ಜೂನಿಯರ್, ಡಿಸ್ನಿ ಜೂನಿಯರ್. ಇನ್ನೂ ಒಂದನೇ ಕ್ಲಾಸು ಮೆಟ್ಟಿಲು ಹತ್ತದ ಮಕ್ಕಳಿಗೆಂದೇ ಮಾಡಿದವು. ಆಮೇಲೆ ಡಿಸ್ಕವರಿ ಕಿಡ್ಸ್, ಪೋಗೋ, ನಮ್ಮ ಕನ್ನಡದ ಚಿಂಟು ಟಿವಿ. ಅದಕ್ಕಿಂತ ಒಂದು ಕೈ ಮೇಲೆ ನಿಕ್, ಸೋನಿ ಯಾಯ್: ಅಟ್ಟಿಸಿಕೊಂಡು ಹೋಗೋದು, ಬೀಳೋದು, ಬೀಳಿಸೋದು. ಸೋನಿಕ್, ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹೊಡೆದಾಟ, ವೇಗ ಜಾಸ್ತಿ. ತರಲೆ ಮಾತಿನ ಲೆಕ್ಕಕ್ಕೆ ಬಂದರೆ, ಹಂಗಾಮಾ ಅನ್ನುತ್ತಲೇ ಶಿನ್‌ಚಾನ್ ನೆನಪಾಗುತ್ತಾನೆ.

ಕೊಟ್ಟೆ. ಆದರೆ ಈ ಸಾಲನ್ನು ನಂಬಿಕೊಂಡು ಕೇಬಲ್‌ನವರಿಗೆ ಫೋನ್ ಮಾಡಬೇಡಿ. ಯಾಕಂದರೆ ಕಾರ್ಟೂನ್‌ಗಳು ಬಾಡಿಗೆ ಮನೆಯವರ ಹಾಗೆ, ಒಂದೇ ಚಾನೆಲ್‌ನಲ್ಲಿ ಇರುವುದಿಲ್ಲ. 'ಆಗಿ ಅಂಡ್ ದಿ ಕಾಕ್ರೋಚಸ್' ಗೊತ್ತಲ್ಲ, ನೀಲಿ ಬೆಕ್ಕು, ಮೂರು ಜಿರಳೆ? 1998ರ ಫ್ರೆಂಚ್ ಕಾರ್ಟೂನ್ ಅದು. ನಮ್ಮ ದೇಶದಲ್ಲಿ ಕಾರ್ಟೂನ್ ನೆಟ್‌ವರ್ಕ್, ನಿಕ್, ಸೋನಿ ಯಾಯ್ ಮೂರರಲ್ಲೂ ಬಂದಿದೆ. ಇನ್ನೂ ಮಜಾ ಏನಂದರೆ, ಮೂಲದಲ್ಲಿ ಅದಕ್ಕೆ ಮಾತೇ ಇಲ್ಲ. ಬರೀ ಕಿರುಚಾಟ, ನಗು, ಸದ್ದು. ನಮ್ಮಲ್ಲಿ ಹಿಂದಿಗೆ ತರುವಾಗ ಆ ಬೆಕ್ಕಿಗೆ ಶಾರುಖ್ ಖಾನ್ ಥರದ ದನಿ ಕೊಟ್ಟು ಬಾಯ್ತುಂಬ ಡೈಲಾಗ್ ಹಾಕಿದರು. ಮೂಕ ಬೆಕ್ಕಿನ ಬಾಯಿಗೆ ಕಾಲೆಳೆಯೋ ಮಾತು ತುಂಬಿದವರು ಡಬ್ಬಿಂಗ್‌ನವರು.

ಇನ್ನು ಶಿನ್‌ಚಾನ್. ಇವನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರ ಮನೆಯಲ್ಲೂ ಜಗಳ ಇವನ ಮೇಲೇ. 1990ರಲ್ಲಿ ಜಪಾನಿನಲ್ಲಿ ಯೋಶಿತೊ ಉಸುಯಿ ಅನ್ನುವವರು ಈ ಚಿತ್ರಕಥೆ ಶುರು ಮಾಡಿದ್ದು ದೊಡ್ಡವರು ಓದುವ ಪತ್ರಿಕೆಯಲ್ಲಿ. ಐದು ವರ್ಷದ ಹುಡುಗನ ಬಾಯಲ್ಲಿ ದೊಡ್ಡವರ ಗುಟ್ಟು ರಟ್ಟಾಗುವುದು ಅದರ ತಮಾಷೆ. ಸಂಬಳ ಸಾಲದ ಅಪ್ಪ, ರಿಯಾಯಿತಿ ಮಾರಾಟಕ್ಕೆ ಓಡುವ ಅಮ್ಮ, ಇವರನ್ನು ನೋಡಿ ನಗಬೇಕಾದವರು ಅಪ್ಪ ಅಮ್ಮಂದಿರೇ. 1992ರಲ್ಲಿ ಟಿವಿಗೆ ಬಂದ ಮೇಲೆ ಮಕ್ಕಳೂ ಮುತ್ತಿಕೊಂಡರು. ಜಪಾನಿನ ಪೋಷಕರಿಗೂ ಇವನು ಅಷ್ಟಕ್ಕಷ್ಟೆ. ಮಕ್ಕಳಿಗೆ ತೋರಿಸಲು ಇಷ್ಟವಿಲ್ಲದ ಕಾರ್ಯಕ್ರಮ ಯಾವುದು ಅಂತ ಅಲ್ಲಿನ ಪೋಷಕರ ಸಂಘ ಕೇಳಿದಾಗಲೆಲ್ಲ ಇವನ ಹೆಸರು ಮೇಲೆ ಬರುತ್ತಿತ್ತು. ನಮ್ಮಲ್ಲಿ 2008ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು. ಮಾರನೇ ವರ್ಷ ಕತ್ತರಿ ಹಾಕಿಸಿಕೊಂಡು ವಾಪಸ್ ಬಂದ. ಅಂದರೆ ಈಗ ನಿಮ್ಮ ಮಗ ನೋಡುತ್ತಿರುವುದು ತೊಳೆದು ಒಣಗಿಸಿದ ಶಿನ್‌ಚಾನ್. ಚಡ್ಡಿ ಜಾರಿಸುವ ದೃಶ್ಯ ಕತ್ತರಿಸಬಹುದು, ಅಮ್ಮನಿಗೆ ಎದುರು ಮಾತಾಡುವ ಸ್ವಭಾವ ಕತ್ತರಿಸಿದರೆ ಕಾರ್ಟೂನೇ ಉಳಿಯಲ್ಲ. ಆರು ವರ್ಷದವನಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹತ್ತು ವರ್ಷದವನಿಗೆ, ಪಕ್ಕದಲ್ಲಿ ನೀವೂ ಇದ್ದರೆ, ಅಡ್ಡಿಯಿಲ್ಲ.

ಹಾಗಾದರೆ ಛೋಟಾ ಭೀಮ್ ಹಾಕಿಬಿಡೋಣ, ಪಂಚೆ ಉಟ್ಟ ಹುಡುಗ, ನಮ್ಮವನು, ಲಾಡು ತಿಂತಾನೆ ಅನ್ನುತ್ತೀರಿ. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್‌ನವರು ಪೋಗೋಗೆ ಮಾಡಿದ್ದು. ಮಾತು ಸಭ್ಯ, ಒಪ್ಪಿದೆ. ಹಿರಿಯರಿಗೆ ಮರ್ಯಾದೆ ಉಂಟು. ಆದರೆ ಸ್ವಲ್ಪ ಗಮನವಿಟ್ಟು ನೋಡಿ. ಲಾಡು ತಿಂದು ಹೊಡೆದರೆ ಎಷ್ಟೋ ಕಥೆಗಳು ಮುಗಿದೇಹೋದವು. ಭೀಮನಿಗೆ ಎದುರಾಳಿ ಹುಡುಗ ದಪ್ಪ, ಮೈಬಣ್ಣ ಕಪ್ಪು, ಹೆಸರು ಕಾಲಿಯಾ. ನಗುವುದು ಯಾರನ್ನು ನೋಡಿ ಅಂತ ಬೇರೆ ಹೇಳಬೇಕಾ? ನಿಮ್ಮ ಮಗ ಅಜ್ಜಿಯ ಹೊಟ್ಟೆಗೆ ಕೈಹಾಕಿದ್ದು ತರಲೆ ಚಾನೆಲ್‌ನಿಂದಲೇ ಅಂತ ಹೇಗೆ ಹೇಳೋದು? ಎಲ್ಲರೂ ಮೆತ್ತಗಿನದು ಅನ್ನುವ ಪೆಪ್ಪಾ ಪಿಗ್‌ನಲ್ಲೂ ಅಪ್ಪ ಹಂದಿಯ ದೊಡ್ಡ ಹೊಟ್ಟೆ ಮೇಲಿಂದ ಮೇಲೆ ಬರುವ ತಮಾಷೆ.

ನಾನು ಚಾನೆಲ್ ಬಿಟ್ಟು ತರಲೆ ಮತ್ತು ಪೋಕರಿತನದ ನಡುವೆ ಗೆರೆ ಎಳೆಯುತ್ತೇನೆ. ತರಲೆಯಲ್ಲಿ ಕಾಲೆಳೆಸಿಕೊಂಡವನೂ ಕೊನೆಗೆ ನಗುತ್ತಾನೆ. ಪೋಕರಿತನದಲ್ಲಿ ಒಬ್ಬನೇ ಯಾವಾಗಲೂ ಏಟು ತಿನ್ನುತ್ತಾನೆ, ಅವನು ದಪ್ಪನೋ ಕಪ್ಪೋ ಪೆದ್ದನೋ ಆಗಿರುತ್ತಾನೆ.

ಬೈಗುಳ, ಏಟು ಎರಡೂ ಇಲ್ಲದಿದ್ದರೂ ವೇಗ ಅಂತ ಒಂದಿದೆ. ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. 2011ರಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದ 60 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಚಕಚಕ ಓಡುವ ಸ್ಪಂಜ್‌ಬಾಬ್, ಕೆಲವರಿಗೆ ನಿಧಾನದ ಕಾರ್ಟೂನ್, ಉಳಿದವರಿಗೆ ಬಣ್ಣದ ಕಡ್ಡಿ. ಬರೀ ಒಂಬತ್ತು ನಿಮಿಷ. ಆಮೇಲೆ ಗಮನ, ತಾಳ್ಮೆ ಬೇಕಾಗುವ ಆಟ ಆಡಿಸಿದರೆ ಸ್ಪಂಜ್‌ಬಾಬ್ ನೋಡಿದವರು ಹಿಂದೆ ಬಿದ್ದರು. ಸ್ಪಂಜ್‌ಬಾಬ್ ನಾಲ್ಕು ವರ್ಷದವರಿಗೆ ಮಾಡಿದ್ದೇ ಅಲ್ಲ, ಆರರಿಂದ ಹನ್ನೊಂದು ವರ್ಷದವರಿಗೆ ಅಂತ ಅದನ್ನು ತೋರಿಸುವ ನಿಕ್ ಚಾನೆಲ್‌ನವರು ಹೇಳಿದರು. ಅದೂ ಸರಿಯೇ. ಪ್ರಯೋಗ ಚಿಕ್ಕದು, ಅಳೆದದ್ದು ಟಿವಿ ಆರಿಸಿದ ತಕ್ಷಣದ ಸ್ಥಿತಿ ಮಾತ್ರ. ಆದರೂ ಹೋಂವರ್ಕ್‌ಗೆ ಮುಂಚೆ ಓಡೋ ಕಾರ್ಟೂನ್ ಬೇಡ ಅನ್ನೋದಕ್ಕೆ ನನಗೆ ಅಷ್ಟು ಸಾಕು.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕಾರ್ಟೂನ್ ನೆಟ್‌ವರ್ಕ್ ತುಂಬಾ ಕೆಟ್ಟದ್ದು ಅಂತ ಸಿಗಬಹುದು. ಅದು ಅಮೆರಿಕದವರ ಮಾತು. ಅಲ್ಲಿ 2001ರಿಂದ ಅದೇ ಚಾನೆಲ್‌ನಲ್ಲಿ ರಾತ್ರಿ ಹೊತ್ತು 'ಅಡಲ್ಟ್ ಸ್ವಿಮ್' ಅಂತ ದೊಡ್ಡವರ ಕಾರ್ಟೂನ್ ಬರುತ್ತದೆ. ಆ ಸಿಟ್ಟನ್ನು ತಂದು ನಿಮ್ಮ ಮನೆಯ ಟಿವಿ ಮೇಲೆ ಹಾಕಬೇಡಿ. ಅಲ್ಲಿ ಕಾರ್ಯಕ್ರಮದ ಮೂಲೆಯಲ್ಲಿ ಯಾವ ವಯಸ್ಸಿಗೆ ಅಂತ ಗುರುತೂ ಇರುತ್ತದೆ. ನಮ್ಮ ಟಿವಿ ಚಾನೆಲ್‌ಗಳಿಗೆ ಅಂಥದ್ದಿಲ್ಲ. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಮಾತು, ಎದ್ದು ಕಾಣುವ ಹಿಂಸೆ ಇರಬಾರದು ಅಂತ ಕೇಬಲ್ ಟಿವಿ ನಿಯಮ ಹೇಳುತ್ತದೆ, ಅಷ್ಟೆ. ಆದರೆ ಓಟಿಟಿ ಆ್ಯಪ್‌ಗಳಿಗೆ 2021ರಿಂದ ಯು, ಯು/ಎ 7+, ಯು/ಎ 13+ ಅಂತ ಗುರುತು ಹಾಕುವ ನಿಯಮ ಇದೆ. ನಿಮ್ಮ ಮಗ ನೋಡುವ ಕಾರ್ಟೂನೇ ಆ್ಯಪ್‌ನಲ್ಲೂ ಇದ್ದರೆ ಅದರ ಗುರುತು ನೋಡಿಕೊಳ್ಳಿ. ಪುಕ್ಕಟೆ ಸಲಹೆಗಾರ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅಂತ ಸಿನಿಮಾದವರು ಪಟ್ಟು ಹಿಡಿದಿದ್ದ ಕಾಲದಲ್ಲೂ, 2009ರಲ್ಲಿ ಶುರುವಾದ ಚಿಂಟುವಿನಲ್ಲಿ ಕಾರ್ಟೂನ್‌ಗಳು ಕನ್ನಡ ಮಾತಾಡುತ್ತಿದ್ದವು. ಬೇರೆ ಕೆಲವು ಚಾನೆಲ್‌ಗಳಲ್ಲೂ ರಿಮೋಟಿನ ಭಾಷೆಯ ಬಟನ್ ಒತ್ತಿದರೆ ಕನ್ನಡ ಸಿಗುತ್ತದೆ. ಕನ್ನಡದಲ್ಲೇ ಹಾಕಿ. ಹಿಂದಿಯಲ್ಲಿ ಏನು ಬೈದರೂ ಒಳಗೆ ರೊಟ್ಟಿ ತಟ್ಟುತ್ತಿರುವ ಅಜ್ಜಿಗೆ ಗೊತ್ತಾಗಲ್ಲ. ಕನ್ನಡದಲ್ಲಾದರೆ ಅಲ್ಲಿಂದಲೇ "ಏನ್ಲಾ ಅದು?" ಅಂತ ಕೂಗು ಬರುತ್ತದೆ. ಇದಕ್ಕಿಂತ ಒಳ್ಳೆ ಸೆನ್ಸಾರ್ ಮಂಡಳಿ ಎಲ್ಲಿ ಸಿಗುತ್ತೆ?

ಚಾನೆಲ್ ತೆಗೆಸುವುದಕ್ಕೆ ಮುಂಚೆ ನಮ್ಮ ಅಕ್ಕನ ಮನೆಯಲ್ಲಿ ಮಾಡಿದ್ದನ್ನು ನೀವೂ ಒಂದು ಸಂಜೆ ಮಾಡಿ ನೋಡಿ. ಕಳೆದ ಅವರೆಕಾಯಿ ಕಾಲದಲ್ಲಿ ಹೋಗಿದ್ದೆ. ಅಕ್ಕ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಟಿವಿಯಲ್ಲಿ ಯಾವುದೋ ಅಟ್ಟಿಸಿಕೊಂಡು ಹೋಗೋ ಕಾರ್ಟೂನ್. ಒಂದು ಏಟಿಗೆ ಒಂದು ಕಾಳು ಈ ತಟ್ಟೆಗೆ, ಒಂದು ಅವಮಾನದ ಮಾತಿಗೆ ಒಂದು ಕಾಳು ಆ ತಟ್ಟೆಗೆ ಹಾಕು ಅಂದೆ. ಮೊದಲನೇ ಜಾಹೀರಾತು ಬರುವಷ್ಟರಲ್ಲಿ ಏಟಿನ ತಟ್ಟೆಯ ತಳ ಕಾಣುತ್ತಿರಲಿಲ್ಲ. ಅಕ್ಕನ ಮಗ ಟಿವಿ ಬಿಟ್ಟು ತಟ್ಟೆ ಹತ್ತಿರ ಬಂದು ಕೂತ. ಸ್ವಲ್ಪ ಹೊತ್ತಿಗೆ ಲೆಕ್ಕ ಅವನದೇ. ಒಂದು ಕಾಳನ್ನು ತೆಗೆದು ವಾಪಸ್ ಮೊರಕ್ಕೆ ಹಾಕಿ ನನ್ನನ್ನೇ ತಿದ್ದಿದ: "ಮಾವ, ಅದು ಏಟಲ್ಲ. ಅವನೇ ಬಿದ್ದಿದ್ದು, ಸರಿಯಾಗ್ ನೋಡು."