ನಿಂತ ಗಾಡಿಯೇ ಬೇಗ ಕೆಡುವುದು

ಹೋದ ವರ್ಷ ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಮಾರುತಿ ಓಮ್ನಿಯನ್ನು ಕ್ಯಾಂಟರ್ ಮೇಲೆ ಹೇರಿಸಿಕೊಂಡು ತುಮಕೂರಿನ ನಮ್ಮ ಗ್ಯಾರೇಜಿಗೆ ತಂದರು. ಹಿಂದಿನ ಸೀಟು ತೆಗೆಸಿ ಮಂಚ, ಪುಟ್ಟ ಕಪಾಟು, ಒಲೆ ಇಡಲು ಒಂದು ಹಲಗೆ ಹಾಕಿಸಿದ್ದ ಗಾಡಿ. ಗಂಡ ಹೆಂಡತಿ ಇಬ್ಬರೇ ಊರೂರು ಸುತ್ತಬೇಕು ಅಂತ ಆಸೆಪಟ್ಟು ಮಾಡಿಸಿಕೊಂಡಿದ್ದು. "ಎಂಟು ತಿಂಗಳಿಂದ ಒಂದು ಕಿಲೋಮೀಟರೂ ಓಡಿಸಿಲ್ಲ ಕಣಪ್ಪ, ಕೆಡೋಕೆ ಏನಿದೆ ಇದರಲ್ಲಿ?" ಅಂದರು.

"ಓಡಿಸದೆ ಇದ್ದದ್ದಕ್ಕೇ ಕೆಟ್ಟಿದೆ ಮೇಷ್ಟ್ರೇ" ಅಂದೆ. ಹೀಗೆ ಒಳಗೇ ಮಲಗಿ ಊರು ಸುತ್ತುವ ಸಣ್ಣ ಹಳೆಯ ಕ್ಯಾರವಾನ್ ಇಟ್ಟುಕೊಂಡ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ.

ಅವರ ಗಾಡಿಯ ಹಿಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದರು. ಮಳೆಗಾಲದಲ್ಲಿ ಚಕ್ರದ ಬ್ರೇಕ್ ಡ್ರಮ್ ಒಳಗೆ ತುಕ್ಕು ಹಿಡಿದು, ಅದನ್ನು ಒತ್ತಿ ಹಿಡಿಯುವ ಲೈನರ್ ಅದಕ್ಕೇ ಅಂಟಿಕೊಂಡಿತ್ತು. ಗಾಡಿಯನ್ನು ತುಂಬ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಸಮತಟ್ಟು ಜಾಗ ನೋಡಿ, ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಬ್ರೇಕ್ ಆಯಿಲ್ ಕೂಡ ಸುಮ್ನೆ ನಿಂತಲ್ಲೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗ ಬಿಸಿಯಾಗಿ ಕುದಿಯುತ್ತದೆ. ಆಗ ಪೆಡಲ್ ಒತ್ತಿದರೆ ಸೀದಾ ಕೆಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಟೈರಿನ ಮೇಲಿನ ಅಚ್ಚು ಚೆನ್ನಾಗಿದೆ ಅಂತ ಮೇಷ್ಟ್ರು ತೋರಿಸಿದರು. ನಿಜ, ಸವೆದಿರಲಿಲ್ಲ. ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಹುಡುಕಿ ನೋಡಿ. 2316 ಅಂತಿದ್ದರೆ ಅದು 2016ರ 23ನೇ ವಾರ ತಯಾರಾದದ್ದು. ಮಂಚ, ನೀರು, ಸಾಮಾನು ಹೊತ್ತ ಗಾಡಿಗೆ ಆರು ವರ್ಷ ದಾಟಿದ ಟೈರನ್ನು ನಾನಂತೂ ಒಪ್ಪುವುದಿಲ್ಲ. ಸ್ಟೆಪ್ನಿಯನ್ನೂ ನೋಡಿ. ಎಲ್ಲರೂ ಮರೆಯುವುದು ಅದನ್ನೇ.

ಪೆಟ್ರೋಲ್ ವಿಷಯಕ್ಕೆ ಬಂದರೆ ನನಗೆ ಭಯ ಜಾಸ್ತಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆಯುತ್ತದೆ, ಹಳೆಯ ಕಾಲದ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಅಲ್ಲಿ ಪೈಪು ಸೋರಿದರೆ ನೀವು ಪೆಟ್ರೋಲ್ ಮೇಲೆ ಕೂತ ಹಾಗೆಯೇ ಅಲ್ವಾ? ಪೈಪು ಬದಲಾಯಿಸಲು ದೊಡ್ಡ ಖರ್ಚೇನೂ ಇಲ್ಲ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ, ಕ್ಲಿಪ್‌ಗಳೂ ಹೊಸವೇ ಇರಲಿ. ಇಲಿ ವೈರ್ ಕಡಿದಿದೆಯಾ ಅಂತಲೂ ಆಗಲೇ ನೋಡಿಸಿ. ನಿಂತ ಗಾಡಿ ಇಲಿಗೆ ಬೆಚ್ಚನೆಯ ಮನೆ.

"ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡ್ತೀವಿ" ಅಂತ ಹಲವರು ಹೇಳುತ್ತಾರೆ. ಅದು ಸಾಲದು. ಸೆಲ್ಫ್ ಹೊಡೆಯಲು ಖರ್ಚಾದ ಕರೆಂಟು ಐದು ನಿಮಿಷದಲ್ಲಿ ಬ್ಯಾಟರಿಗೆ ವಾಪಸ್ ಬರುವುದಿಲ್ಲ. ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲೇ ಓಡಿಸಿ. ತುಮಕೂರಿನವರಿಗೆ ದೇವರಾಯನದುರ್ಗ ಇದೆಯಲ್ಲ. ಹದಿನೈದು ಕಿಲೋಮೀಟರ್ ಆಸುಪಾಸು. ಬೆಳಗ್ಗೆ ಹೊರಟು ದಾರಿಯಲ್ಲಿ ಸಿಗುವ ನಾಮದ ಚಿಲುಮೆಯ ಬುಗ್ಗೆ ಹತ್ತಿರ ಕಾಲಾಡಿಸಿ, ಬೆಟ್ಟ ಹತ್ತಿ ಬಂದರೆ ಎಂಜಿನ್, ಕ್ಲಚ್, ಬ್ರೇಕ್ ಮೂರಕ್ಕೂ ಪರೀಕ್ಷೆ ಆಗುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ಭಾರದ ಲೆಕ್ಕವನ್ನೂ ಇಡಿ. ಓಮ್ನಿಯದು 796 ಸಿಸಿ ಎಂಜಿನ್. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಎರಡು 20 ಲೀಟರ್ ಕ್ಯಾನ್ ಇಟ್ಟರೆ 40 ಕೆಜಿ. ಎಂಟಡಿ ನಾಲ್ಕಡಿಯ 18 ಎಂಎಂ ಪ್ಲೈವುಡ್ ಹಲಗೆ ಒಂದೇ 30 ಕೆಜಿಗೂ ಜಾಸ್ತಿ. ಮೇಷ್ಟ್ರ ಕಪಾಟನ್ನು ಕಳಚಿ ತೆಳುವಾದ ಹಲಗೆಯಲ್ಲಿ ಮತ್ತೆ ಮಾಡಿಸಿದೆವು. ಭಾರದ ಸಾಮಾನನ್ನು ನೆಲಕ್ಕೇ ಇಟ್ಟು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರುವಂತೆ ನೋಡಿಕೊಂಡೆವು. ಕ್ಯಾರಿಯರ್ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ.

ಅಡುಗೆ ಹೊರಗೇ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಿನ ಕಿಟಕಿಯಿಂದ ಹೋಗುವುದಿಲ್ಲ, ಮಂಚದ ಕೆಳಗೆ ತುಂಬಿಕೊಳ್ಳುತ್ತದೆ. ಚಳಿ ಅಂತ ಬಾಗಿಲು ಹಾಕಿಕೊಂಡು ಒಳಗೆ ಒಲೆಯನ್ನೋ ಇದ್ದಿಲನ್ನೋ ಹಚ್ಚಿ ಮಲಗಿದರೆ ವಿಷದ ಗಾಳಿಗೆ ಎಚ್ಚರವಾಗದೇ ಪ್ರಾಣ ಹೋಗಬಹುದು. ಇನ್ನೊಂದು ಕಂಬಳಿ ತೆಗೆದುಕೊಂಡು ಹೋಗಿ, ದಯವಿಟ್ಟು.

ಕಾಗದಪತ್ರದ ಮಾತು. ಸ್ವಂತ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸೀಟು ತೆಗೆದು ಮಂಚ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇಂಥ ಬದಲಾವಣೆಗಳ ಬಗ್ಗೆ. ಮೇಷ್ಟ್ರು ಕೇಳಿರಲಿಲ್ಲ. ಈಗ ಅದಕ್ಕೇ ಓಡಾಡುತ್ತಿದ್ದಾರೆ. ಅಲ್ಲಿಯವರೆಗೆ ಪ್ರವಾಸ ಬೇಡ ಅಂದಿದ್ದೇನೆ.

ಇನ್ನು ಮಳೆಗೆ ಮುಂಚೆ ಒಂದು ಕೆಲಸ. ಒಬ್ಬರು ಟಾರ್ಚ್ ಹಿಡಿದು ಗಾಡಿಯೊಳಗೆ ಕೂರಿ, ಇನ್ನೊಬ್ಬರು ಪೈಪಿನಿಂದ ಹತ್ತು ನಿಮಿಷ ಟಾಪ್ ಮೇಲೆ ನೀರು ಬಿಡಿ. ಹನಿ ಎಲ್ಲಿಂದ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಂದು ಮುಚ್ಚಿದ ಹಳೆಯ ಅಂಟಿನ ಮೇಲೆ ಹೊಸ ಅಂಟು ಬಳಿದರೆ ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಎರಡು ದಿನ ಬಿಸಿಲಿಗೆ ಒಣಗಲು ಬಿಟ್ಟು, ಆಮೇಲೆ ಹಚ್ಚಿ.