ವಿದ್ಯುತ್ ಗುತ್ತಿಗೆದಾರರಿಗೆ ಸೇವಾ ತೆರಿಗೆ ವಿನಾಯಿತಿ: ಮೊದಲು ತಾರೀಖು ನೋಡಿ

ಜಿಎಸ್‌ಟಿ ಬಂದಾಯ್ತಲ್ಲ, ಸೇವಾ ತೆರಿಗೆ ಈಗ ಯಾಕೆ ಓದಬೇಕು ಅನ್ನಿಸಬಹುದು. ಆದರೆ ಜಿಎಸ್‌ಟಿ ಕಾಯ್ದೆಯ 174ನೇ ಸೆಕ್ಷನ್ ಹಳೆಯ ಬಾಕಿಗಳನ್ನು ಜೀವಂತ ಇಟ್ಟಿದೆ. ಬೆಂಗಳೂರಿನಲ್ಲಿ ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ಸಂಸ್ಥೆ), ಬೆಸ್ಕಾಂ (ವಿತರಣಾ ಸಂಸ್ಥೆ), ಬಿಬಿಎಂಪಿ (ಆಗಿನ ನಗರ ಪಾಲಿಕೆ) ಕೆಲಸ ಮಾಡಿದವರ ಫೈಲು ಕೈಗೆ ಬಂದರೆ ಎರಡು ವಿಷಯ ಹುಡುಕಿ: ಕೆಲಸ ಯಾವಾಗ ನಡೆಯಿತು, ಯಾರಿಗೆ ನಡೆಯಿತು.

2012ರ ಜುಲೈ 1ಕ್ಕೆ ಮುಂಚಿನ ಕಥೆಯೇ ಬೇರೆ. ಅಧಿಸೂಚನೆ 11/2010, ವಿದ್ಯುತ್ ಪ್ರಸರಣಕ್ಕಾಗಿ ಯಾರೇ ಕೊಟ್ಟ ಸೇವೆಗೂ ವಿನಾಯಿತಿ ಕೊಟ್ಟಿತು. ಹಾಗಾಗಿ ಕೆಪಿಟಿಸಿಎಲ್‌ಗೆ ಲೈನ್ ಎಳೆದವರಿಗೆ ಅನುಕೂಲ. ವಿತರಣೆಗೆ ಬಂದ 32/2010 ಅಷ್ಟು ಧಾರಾಳವಲ್ಲ. ವಿತರಣಾ ಪರವಾನಗಿ ಅಥವಾ ವಿತರಿಸುವ ಅಧಿಕಾರ ಇದ್ದವರು ಕೊಡುವ ಸೇವೆಗೆ ಮಾತ್ರ. ಬೆಸ್ಕಾಂ ಗುತ್ತಿಗೆದಾರನ ಹತ್ತಿರ ಆ ಪರವಾನಗಿ ಎಲ್ಲಿರುತ್ತೆ? 45/2010 ಮಾತ್ರ ಹಿಂದಿನ ಅವಧಿಗೆ ಇಬ್ಬರನ್ನೂ ಉಳಿಸಿತು: ಪ್ರಸರಣಕ್ಕೆ 2010ರ ಫೆಬ್ರವರಿ 26ರವರೆಗೆ, ವಿತರಣೆಗೆ ಜೂನ್ 21ರವರೆಗೆ.

ಆಮೇಲಿನ ಎರಡು ವರ್ಷಕ್ಕೆ ಬೆಸ್ಕಾಂ ಗುತ್ತಿಗೆದಾರನಿಗೆ ಆಸರೆ 2010ರ ಮೇ 24ರ ಸುತ್ತೋಲೆ 123. ಇದನ್ನು ನಿಧಾನವಾಗಿ ಓದಿ. ರಸ್ತೆ ಅಗಲ ಮಾಡುವಾಗ ತಂತಿ ಸ್ಥಳಾಂತರಿಸಿದರೆ ತೆರಿಗೆ ಇಲ್ಲ. ರಸ್ತೆಯ ಅಡಿಯಲ್ಲೋ ಪಕ್ಕದಲ್ಲೋ ಕೇಬಲ್ ಹಾಕಿದರೂ ಇಲ್ಲ. ಬಡಾವಣೆಯ ವಿತರಣಾ ಬಿಂದುವಿನವರೆಗೆ ಕೇಬಲ್ ಎಳೆದರೆ ಇಲ್ಲ, ಅದನ್ನು ದಾಟಿ ಒಳಗೆ ಹೋದರೆ ಉಂಟು. ಟಿಸಿ (ಟ್ರಾನ್ಸ್‌ಫಾರ್ಮರ್) ಅಥವಾ ಸಬ್‌ಸ್ಟೇಷನ್ ಅಳವಡಿಸುವುದನ್ನೇ ಪ್ರತ್ಯೇಕ ಕೆಲಸವಾಗಿ ಹಿಡಿದರೆ ತೆರಿಗೆ ಉಂಟು. ಬೀದಿ ದೀಪಕ್ಕೂ ಉಂಟು.

2012ರ ಜುಲೈ 1ರಿಂದ ನಕಾರಾತ್ಮಕ ಪಟ್ಟಿ (ತೆರಿಗೆ ಬೀಳದ ಸೇವೆಗಳ ಪಟ್ಟಿ) ಬಂತು, ಹಳೆಯ ವಿನಾಯಿತಿಗಳು ರದ್ದಾದವು. ಹಣಕಾಸು ಕಾಯ್ದೆ 1994ರ ಸೆಕ್ಷನ್ 66ಡಿ(ಕೆ) ನೋಡಿ ಸುಮಾರು ಜನ ನಿಟ್ಟುಸಿರು ಬಿಡುತ್ತಾರೆ, ಏಕೆಂದರೆ ಪ್ರಸರಣ, ವಿತರಣೆ ಎರಡೂ ಅಲ್ಲಿವೆ. ಪೂರ್ತಿ ಓದಿ: ಅದು ವಿದ್ಯುತ್ ಸಂಸ್ಥೆ ತಾನೇ ಕೊಡುವ ಸೇವೆಗೆ. ಸಂಸ್ಥೆಗೆ ಕಂಬ ನೆಟ್ಟುಕೊಟ್ಟವನ ಕೆಲಸ ಅದರಲ್ಲಿ ಸೇರಿಲ್ಲ. 66ಎಫ್(1) ಕೂಡ ಇದನ್ನೇ ಹೇಳುತ್ತದೆ: ಒಂದು ಸೇವೆಯ ಹೆಸರು ಹೇಳಿದರೆ ಅದಕ್ಕೆ ಬಳಸಿದ ಸೇವೆಗಳು ಸೇರುವುದಿಲ್ಲ.

ಹಾಗಾದರೆ ಅಧಿಸೂಚನೆ 25/2012ರ 12ನೇ ನಮೂದು, ಅಂದರೆ ಸರ್ಕಾರ, ಸ್ಥಳೀಯ ಸಂಸ್ಥೆ, ಸರ್ಕಾರಿ ಪ್ರಾಧಿಕಾರಗಳಿಗೆ ಮಾಡಿದ, ವ್ಯಾಪಾರಕ್ಕಲ್ಲದ ನಿರ್ಮಾಣ ಕೆಲಸಕ್ಕೆ ಕೊಟ್ಟ ವಿನಾಯಿತಿ? ಬೆಸ್ಕಾಂ ಸರ್ಕಾರಿ ಕಂಪನಿ ಅಲ್ವಾ ಅಂತ ವಾದಿಸಬಹುದು. ನನಗೆ ಈ ವಾದ ದುರ್ಬಲ ಅನ್ನಿಸುತ್ತದೆ. ಬೆಸ್ಕಾಂ ಕರೆಂಟ್ ಮಾರುತ್ತದೆ, ಅದು ವ್ಯಾಪಾರ. ಜೊತೆಗೆ 'ಸರ್ಕಾರಿ ಪ್ರಾಧಿಕಾರ'ದ ವ್ಯಾಖ್ಯೆ ಸಂವಿಧಾನದ 243ಡಬ್ಲ್ಯೂ ವಿಧಿಯ ನಗರಸಭೆ ಕೆಲಸಗಳಿಗೆ ಗಂಟು ಹಾಕಿಕೊಂಡಿದೆ. ಹನ್ನೆರಡನೇ ಅನುಸೂಚಿಯಲ್ಲಿ ವಿದ್ಯುತ್ ವಿತರಣೆ ಇಲ್ಲ, ಬೀದಿ ದೀಪ ಇದೆ.

ಮಜಾ ಇರುವುದು ಇಲ್ಲೇ. 2011ರಲ್ಲಿ ಬೆಸ್ಕಾಂಗೆ ರಸ್ತೆಯಡಿ ಕೇಬಲ್ ಹಾಕಿದರೆ ತೆರಿಗೆ ಇರಲಿಲ್ಲ, ಬೀದಿ ದೀಪಕ್ಕೆ ಇತ್ತು. 2013ರಲ್ಲಿ ತಿರುವುಮುರುವು: ಕೇಬಲ್‌ಗೆ ತೆರಿಗೆ ಬಿತ್ತು, ಬಿಬಿಎಂಪಿಗೆ ಬೀದಿ ದೀಪ ಅಳವಡಿಸಿದವನಿಗೆ ಅದೇ ನಮೂದಿನ 12(ಎ) ಅಡಿ ವಿನಾಯಿತಿ ಕೇಳಲು ಆಧಾರ ಸಿಕ್ಕಿತು. ಆ 12(ಎ) ಕೂಡ 2015ರ ಏಪ್ರಿಲ್ 1ಕ್ಕೆ ಹೋಯಿತು. 2015ರ ಮಾರ್ಚ್ 1ಕ್ಕೆ ಮುಂಚೆ ಆದ ಒಪ್ಪಂದಗಳಿಗೆ ಮಾತ್ರ 2016ರಲ್ಲಿ ಮರಳಿ ಬಂತು. ವರ್ಕ್ ಆರ್ಡರ್ ಮೇಲಿನ ತಾರೀಖು ಬೇಕಾಗುವುದು ಅದಕ್ಕೇ.

ವಿನಾಯಿತಿ ಸಿಗದಿದ್ದರೂ ಪೂರ್ತಿ ಬಿಲ್ಲಿಗೆ ತೆರಿಗೆ ಇಲ್ಲ. 2013ರಲ್ಲಿ ಒಬ್ಬ ಮಾಲೀಕನ ಸಂಸ್ಥೆ ಬೆಸ್ಕಾಂಗೆ ಹೊಸ ಲೈನ್ ಹಾಕಿ, ಸಾಮಾನು ಸೇರಿಸಿ 20 ಲಕ್ಷದ ಬಿಲ್ ಮಾಡಿತು ಅಂದುಕೊಳ್ಳಿ. ಸೇವಾ ತೆರಿಗೆ ಮೌಲ್ಯ ನಿರ್ಣಯ ನಿಯಮಗಳ 2ಎ ಪ್ರಕಾರ ಸೇವೆಯ ಪಾಲು ಶೇ 40, ಅಂದರೆ 8 ಲಕ್ಷ. ಅದಕ್ಕೆ ಶೇ 12.36ರಂತೆ 98,880 ರೂಪಾಯಿ. ರಿವರ್ಸ್ ಚಾರ್ಜ್‌ನಲ್ಲಿ ಅರ್ಧ ಬೆಸ್ಕಾಂ, ಅಂದರೆ ಸೇವೆ ಪಡೆದವರು, ಕಟ್ಟಬೇಕು; ಗುತ್ತಿಗೆದಾರನ ಪಾಲು 49,440. ನೋಟೀಸಿನಲ್ಲಿ ಇಡೀ 20 ಲಕ್ಷಕ್ಕೆ ಲೆಕ್ಕ ಹಾಕಿದ್ದರೆ ಉತ್ತರ ಬರೆಯುವಾಗ ಮೊದಲು ಹಿಡಿಯಬೇಕಾದ್ದು ಇದನ್ನೇ.

ಉಪಗುತ್ತಿಗೆದಾರರಿಗೆ ಅದೇ ಅಧಿಸೂಚನೆ 25/2012ರ ನಮೂದು 29(ಎಚ್) ಇದೆ. ಮುಖ್ಯ ಗುತ್ತಿಗೆಗೆ ವಿನಾಯಿತಿ ಇದ್ದರೆ ಇವರಿಗೂ ಇದೆ, ಆದರೆ ಇವರದ್ದೂ ಸಾಮಾನು ಸೇರಿದ ಕಾಮಗಾರಿ ಗುತ್ತಿಗೆ ಆಗಿರಬೇಕು. ಬರೀ ಕೂಲಿಗೆ ಗುಂಡಿ ತೋಡಿಕೊಟ್ಟರೆ ಈ ನಮೂದು ಸಿಗುವುದಿಲ್ಲ.