ಹಳೇ ಸಂಬಳ ನೋಡಿ ಹೊಸ ಸಂಬಳ ಹೇಳೋದು ಸರಿನಾ?

ಪ್ರಶ್ನೆ: ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಇಂಟರ್‌ವ್ಯೂ ಚೆನ್ನಾಗಿ ಆಯ್ತು. ಕೊನೆಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳಿ, ಅದರ ಮೇಲೆ 30 ಪರ್ಸೆಂಟ್ ಕೊಡ್ತೀವಿ ಅಂದರು. ಅದೇ ಕೆಲಸಕ್ಕೆ ಅಲ್ಲಿ ಬೇರೆಯವರಿಗೆ ಜಾಸ್ತಿ ಇದೆಯಂತೆ. ಇದು ನ್ಯಾಯನಾ?
(ತುಮಕೂರಿನ ಓದುಗರು)

ನ್ಯಾಯ ಅಲ್ಲ. ಆದರೆ ನಮ್ಮಲ್ಲಿ ಹಳೇ ಸಂಬಳ ಕೇಳಬಾರದು ಅನ್ನೋ ಕಾನೂನೂ ಇಲ್ಲ. ಹಾಗಾಗಿ ಎಚ್‌ಆರ್‌ನವರು ಸ್ಲಿಪ್ ಕೇಳಿದ್ದು ತಪ್ಪು ಅಂತ ಜಗಳಕ್ಕೆ ಹೋಗೋ ಹಾಗಿಲ್ಲ.

30 ಪರ್ಸೆಂಟ್ ಅಂದಾಗ ಕೇಳೋಕೆ ಚೆನ್ನಾಗಿರುತ್ತೆ. ಲೆಕ್ಕ ಹಾಕಿ ನೋಡಿ. ನಿಮ್ಮ ಸಂಬಳ 14,000 ಅಂತ ಇಟ್ಟುಕೊಳ್ಳೋಣ, ಬೆಂಗಳೂರಲ್ಲೇ ಕೆಲಸ ಶುರು ಮಾಡಿದವರದು 20,000. ಇಬ್ಬರಿಗೂ 30 ಪರ್ಸೆಂಟ್ ಹಾಕಿದರೆ ನಿಮಗೆ 18,200, ಅವರಿಗೆ 26,000. ಆರು ಸಾವಿರ ಇದ್ದ ಅಂತರ 7,800 ಆಯ್ತು. ಇನ್ನೊಂದು ಸಲ ಇಬ್ಬರೂ ಹೀಗೇ ಕೆಲಸ ಬದಲಿಸಿದರೆ ಅಂತರ ಹತ್ತು ಸಾವಿರ ದಾಟುತ್ತೆ. ಇಬ್ಬರೂ ಅಳತೆಗೆ ಹಿಡಿಯೋದು ಅದೇ ವರ್ನಿಯರ್, ನೋಡೋದು ಅದೇ ಡ್ರಾಯಿಂಗ್. ಓದು ಮುಗಿದ ಕೂಡಲೇ ಮನೆ ಹತ್ತಿರ ಕೆಲಸ ಸಿಕ್ಕರೆ ಸಾಕು ಅಂತ ಒಪ್ಪಿಕೊಂಡ ಸಂಬಳಕ್ಕೆ ಇನ್ನೂ ದಂಡ ಕಟ್ಟಬೇಕಾ? ಮಗು ಆಯ್ತು ಅಂತ ಎರಡು ವರ್ಷ ಕೆಲಸ ಬಿಟ್ಟ ಹೆಣ್ಣುಮಕ್ಕಳ ಗತಿಯೂ ಇದೇ.

ಅಮೆರಿಕದಲ್ಲಿ ಇದು ಕೋರ್ಟಿಗೇ ಹೋಯ್ತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕೌಂಟಿಯ ಶಿಕ್ಷಣ ಕಚೇರಿಯಲ್ಲಿ ಹಳೇ ಸಂಬಳದ ಮೇಲೆ 5 ಪರ್ಸೆಂಟ್ ಸೇರಿಸಿ ಕೊಡೋ ನಿಯಮ ಇತ್ತು. ಅಲ್ಲಿ ಗಣಿತ ವಿಭಾಗದಲ್ಲಿದ್ದ ಐಲೀನ್ ರೀಜೊ ಅವರಿಗೆ, ತಮ್ಮ ನಂತರ ಸೇರಿದ ಗಂಡಸಿಗೆ ಜಾಸ್ತಿ ಸಂಬಳ ಅಂತ 2012ರಲ್ಲಿ ಗೊತ್ತಾಯ್ತು. ಹಳೇ ಸಂಬಳದ ನೆಪ ಹೇಳಿ ಹೆಂಗಸರಿಗೆ ಕಡಿಮೆ ಕೊಡೋ ಹಾಗಿಲ್ಲ ಅಂತ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿತು. ಮ್ಯಾಸಚೂಸೆಟ್ಸ್ ರಾಜ್ಯವಂತೂ ಹಳೇ ಸಂಬಳ ಕೇಳೋದನ್ನೇ ನಿಷೇಧಿಸೋ ಕಾನೂನನ್ನು 2016ರಲ್ಲೇ ಮಾಡಿತ್ತು. ನಮ್ಮಲ್ಲಿ ಒಂದೇ ಕೆಲಸಕ್ಕೆ ಹೆಣ್ಣು ಗಂಡು ಅಂತ ಸಂಬಳದಲ್ಲಿ ಭೇದ ಮಾಡಬಾರದು ಅನ್ನೋ ನಿಯಮ 1976ರಿಂದ ಇದೆ, ಈಗಿನ ವೇತನ ಸಂಹಿತೆಯಲ್ಲೂ ಇದೆ. ಅದಕ್ಕಿಂತ ಮುಂದೆ ಹೋಗಿಲ್ಲ.

ಕಂಪನಿಯವರೂ ಸುಮ್ನೆ ಕೇಳಲ್ಲ. ಹಳೇ ಸಂಬಳದಿಂದ ಈ ಮನುಷ್ಯನ ಮಾರ್ಕೆಟ್ ಬೆಲೆ ತಿಳಿಯುತ್ತೆ ಅಂತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅದು ಹಳೇ ಓನರ್ ಎಷ್ಟು ಕೊಡೋಕೆ ತಯಾರಿದ್ದರು ಅಂತ ಹೇಳುತ್ತೆ, ಅಷ್ಟೇ. ಆ ಹುದ್ದೆಗೆ ಬಜೆಟ್ ಎಷ್ಟು ಅನ್ನೋದು ನಿಮ್ಮನ್ನು ಕರೆಯೋ ಮೊದಲೇ ಅವರಿಗೆ ಗೊತ್ತಿರುತ್ತೆ ಅಲ್ವಾ?

ಇನ್ನೊಂದು ವಿಷಯ, ಸ್ಲಿಪ್‌ನಲ್ಲಿ ಎಲ್ಲವೂ ಇರಲ್ಲ. ಕಂಪನಿ ಬಸ್ಸು, ಕ್ಯಾಂಟೀನ್ ಊಟ ಅದರಲ್ಲಿ ಕಾಣಲ್ಲ. ಓಟಿ (ಹೆಚ್ಚು ಹೊತ್ತು ದುಡಿದಿದ್ದಕ್ಕೆ ಸಿಗೋ ದುಡ್ಡು) ಕಾಣಿಸಿದರೂ ಸಂಬಳ ಏರಿಸೋ ಲೆಕ್ಕಕ್ಕೆ ಎಷ್ಟೋ ಕಡೆ ಅದನ್ನು ತಗೊಳ್ಳಲ್ಲ. ಪೀಣ್ಯಕ್ಕೆ ಹೋದರೆ ದಿನಾ ರೈಲು ಇಲ್ಲವೇ ಬಸ್ಸು, ಆಗದಿದ್ದರೆ ಪಿಜಿ. ಆ ಖರ್ಚನ್ನು ಮೊದಲು ಬರೆದುಕೊಳ್ಳಿ. 14,000 ಜೊತೆ ಪುಕ್ಕಟೆ ಬಸ್ಸು, ಊಟ ಇದ್ದವರಿಗೆ 18,200ರಲ್ಲಿ ಪಿಜಿ ಬಾಡಿಗೆ ಕಟ್ಟಿದ ಮೇಲೆ ಉಳಿಯೋದು ಮೊದಲಿಗಿಂತ ಕಡಿಮೆಯೇ ಆಗಬಹುದು.

ಸಂಬಳ ಎಷ್ಟು ಅಂತ ಕೇಳಿದ ಕೂಡಲೇ ಹೇಳಿಬಿಡಬೇಡಿ. "ಈ ಪೋಸ್ಟಿಗೆ ನೀವು ಎಷ್ಟು ಇಟ್ಟಿದ್ದೀರಾ ಸರ್?" ಅಂತ ನೀವೇ ಕೇಳಿ. ಸ್ಲಿಪ್ ಕೊಡಲೇಬೇಕು ಅಂದರೆ ಕೊಡಿ, ಜೊತೆಗೆ ಬಸ್ಸು, ಊಟ, ಓಟಿ ಸೇರಿದರೆ ಎಷ್ಟಾಗುತ್ತೆ ಅಂತ ಬರೆದು ಕೊಡಿ. ಸುಳ್ಳು ಸಂಖ್ಯೆ ಮಾತ್ರ ಬೇಡವೇ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ತೋರಿಸಿ ಅಂದರೆ ಅಲ್ಲೇ ಸಿಕ್ಕಿಬೀಳ್ತೀರಿ, ಸೇರಿದ ಮೇಲೆ ಗೊತ್ತಾದರೆ ಕೆಲಸವೇ ಹೋಗಬಹುದು.

ನಿಮ್ಮ ವಿಷಯದಲ್ಲಿ ಸ್ಲಿಪ್ ಆಗಲೇ ಅವರ ಕೈಲಿದೆ. ಆದರೂ ಆಫರ್ ಲೆಟರ್‌ಗೆ ಸಹಿ ಹಾಕೋವರೆಗೆ ಮಾತಾಡೋಕೆ ಅವಕಾಶ ಇದೆ. ಪರ್ಸೆಂಟ್ ಬಿಟ್ಟು ಕೈಗೆ ಬರೋ ಸಂಬಳದ ಮೊತ್ತದಲ್ಲೇ ಮಾತಾಡಿ. ಅವರು ಹೇಳೋ ಸಿಟಿಸಿಯಲ್ಲಿ, ಅಂದರೆ ನಿಮಗಾಗಿ ಕಂಪನಿ ಮಾಡೋ ಒಟ್ಟು ಖರ್ಚಿನಲ್ಲಿ, ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ ಎಲ್ಲಾ ಸೇರಿರುತ್ತೆ, ಅದನ್ನು ಬಿಡಿಸಿ ಬರೆದು ಕೊಡಿ ಅಂತ ಕೇಳಿ. ಆಫರ್ ಲೆಟರ್‌ಗೆ ಸಹಿ ಆಗೋವರೆಗೂ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.